ಗೇಟಿಗೆ ಸೆಕ್ಯುರಿಟಿ ಇಡುವ ಮುನ್ನ: ಲೈಸೆನ್ಸ್‌ನಿಂದ ಸಂಬಳ ಚೀಟಿಯವರೆಗೆ

ನವೆಂಬರ್ ಹತ್ತಿರವಾಯಿತೆಂದರೆ ಸಕಲೇಶಪುರ, ಮೂಡಿಗೆರೆ, ಆಲ್ದೂರು ಕಡೆಯ ತೋಟಗಳಲ್ಲಿ ಎರಡೇ ಚಿಂತೆ: ಕಾಫಿ ಕೊಯ್ಲಿಗೆ ಆಳು, ಕಣಕ್ಕೆ ಕಾವಲು. ಹಾಸನ ನಗರದಲ್ಲಿ ಇದಕ್ಕೆ ಕಾಲದ ಹಂಗಿಲ್ಲ. ಹೊಸ ಬಡಾವಣೆ, ನರ್ಸಿಂಗ್ ಹೋಂ, ಖಾಸಗಿ ಶಾಲೆ, ಕಲ್ಯಾಣ ಮಂಟಪ, ಎಲ್ಲದರ ಗೇಟಿಗೂ ವರ್ಷವಿಡೀ ಸೆಕ್ಯುರಿಟಿ ಬೇಕು. ಬಹಳಷ್ಟು ಮಂದಿ ಯಾರ ಬಳಿಯೋ ಒಂದು ನಂಬರ್ ಇಸಿದುಕೊಂಡು, "ಇಬ್ಬರನ್ನ ಕಳಿಸ್ಕೊಡಿ, ತಿಂಗಳಿಗೆ ಎಷ್ಟಾಗುತ್ತೆ?" ಎಂದು ಕೇಳುತ್ತಾರೆ. ರೇಟು ಕುದುರಿದರೆ ಮಾತು ಮುಗಿಯಿತು. ಮಾರನೇ ದಿನ ನೀಲಿ ಅಂಗಿ ತೊಟ್ಟ ಇಬ್ಬರು ಬಂದು ನಿಲ್ಲುತ್ತಾರೆ. ಅವರ ಪೂರ್ವಾಪರ ಏನು, ತರಬೇತಿ ಆಗಿದೆಯೋ ಇಲ್ಲವೋ, ಕೈಗೆ ಎಷ್ಟು ಸಂಬಳ ಸಿಗುತ್ತದೆ ಎಂಬುದನ್ನು ಯಾರೂ ಕೇಳುವುದಿಲ್ಲ. ವರ್ಷದ ಬೆಳೆಯ ಬೀಗದ ಕೈ ಮಾತ್ರ ಅವರ ಕೈಗೆ ಹೋಗಿರುತ್ತದೆ.

ಇದಕ್ಕೊಂದು ಕಾನೂನಿದೆ, ಸಾಕಷ್ಟು ಬಿಗಿಯಾಗಿಯೂ ಇದೆ. ಆದರೆ ಅದು ಏಜೆನ್ಸಿಯಿಂದ ಬಯಸುವ ದಾಖಲೆಗಳನ್ನು ಹಣ ಕೊಡುವವರು ಕೇಳಿ ನೋಡದಿದ್ದರೆ, ಅವನ್ನು ತಪಾಸಣೆ ಮಾಡುವವರು ವರ್ಷಕ್ಕೊಮ್ಮೆಯೂ ನಿಮ್ಮ ಗೇಟಿನವರೆಗೆ ಬರಲಾರರು. ಬಡಾವಣೆ ಸಂಘದ ಕಾರ್ಯದರ್ಶಿ, ತೋಟದ ಮಾಲೀಕರು ಅಥವಾ ಲೆಕ್ಕಪತ್ರ ನೋಡುವ ರೈಟರು, ಹೋಂಸ್ಟೇ ನಡೆಸುವವರು, ಶಾಲೆಯ ಆಡಳಿತ ಮಂಡಳಿ, ಇವರೆಲ್ಲ ತಾವೇ ಮಾಡಬಹುದಾದ ಪರಿಶೀಲನೆಯನ್ನು ಇಲ್ಲಿ ಹಂತಹಂತವಾಗಿ ಬರೆದಿದ್ದೇನೆ. ನನ್ನ ಮಟ್ಟಿಗೆ, ಲೈಸೆನ್ಸ್ ಪ್ರತಿಗಿಂತ ಹೆಚ್ಚು ವಿಷಯ ಹೇಳುವ ಕಾಗದ ಗಾರ್ಡ್‌ನ ಸಂಬಳ ಚೀಟಿ. ಹಾಗಾಗಿ ಆ ಭಾಗ ಇಲ್ಲಿ ಉಳಿದವುಗಳಿಗಿಂತ ಉದ್ದವಾಗಿದೆ.

ಮೊದಲು ನಿರ್ಧರಿಸಿ: ಏಜೆನ್ಸಿಯೋ, ನಿಮ್ಮದೇ ವಾಚ್‌ಮನ್ನೋ?

ಖಾಸಗಿ ಭದ್ರತಾ ಏಜೆನ್ಸಿಗಳ (ನಿಯಂತ್ರಣ) ಕಾಯ್ದೆ 2005ರಲ್ಲಿ ಬಂದು, 2006ರ ಮಾರ್ಚ್ 14ರಿಂದ ಜಾರಿಯಲ್ಲಿದೆ. ವ್ಯವಹಾರದಲ್ಲಿ ಎಲ್ಲರೂ ಇದನ್ನು 'ಪಸಾರಾ' ಎಂದೇ ಕರೆಯುತ್ತಾರೆ. ಕರ್ನಾಟಕ ಇದರಡಿ 2008ರಲ್ಲಿ ತನ್ನದೇ ನಿಯಮಗಳನ್ನು ಮಾಡಿಕೊಂಡಿತು. ಗಾರ್ಡ್‌ಗಳನ್ನು ಬೇರೆಯವರಿಗೆ ಒದಗಿಸುವುದನ್ನೇ ವ್ಯಾಪಾರ ಮಾಡಿಕೊಂಡವರಿಗೆ ಈ ಕಾಯ್ದೆ ಅನ್ವಯಿಸುತ್ತದೆ. ನಿಮ್ಮ ತೋಟದ ಲೈನ್ ಮನೆಯಲ್ಲೇ ಇರುವ ಒಬ್ಬರನ್ನು ನೀವೇ ಸಂಬಳ ಕೊಟ್ಟು ರಾತ್ರಿ ಕಾವಲಿಗೆ ಹಾಕಿಕೊಂಡರೆ ನಿಮಗೆ ಪಸಾರಾ ಲೈಸೆನ್ಸ್ ಬೇಕಿಲ್ಲ.

ಹಾಗೆಂದು ನೇರ ನೇಮಕ ಹಗುರದ ದಾರಿಯಲ್ಲ. ಆಗ ಪೊಲೀಸ್ ಪರಿಶೀಲನೆ ಮಾಡಿಸುವುದು, ಕನಿಷ್ಠ ವೇತನ, ವಾರದ ರಜೆ, ಎಲ್ಲವೂ ನಿಮ್ಮದೇ ಹೊಣೆ. ಅವರಿಗೆ ಜ್ವರ ಬಂದರೆ ಬದಲಿ ಹುಡುಕುವವರೂ ನೀವೇ. ಒಂದೇ ಪಾಳಿ, ಪರಿಚಿತ ಮನುಷ್ಯ, ಚಿಕ್ಕ ಜಾಗ ಆದರೆ ನೇರ ನೇಮಕ ಸರಿ. ಹಗಲೂ ರಾತ್ರಿ ಕಾವಲು ಬೇಕಾದರೆ ಏಜೆನ್ಸಿಯೇ ವಾಸಿ.

ಇವೆರಡರ ನಡುವೆ ಒಂದು ಅಪಾಯದ ದಾರಿಯಿದೆ. ಲೈಸೆನ್ಸ್ ಇಲ್ಲದ ವ್ಯಕ್ತಿಯೊಬ್ಬರು "ನಮ್ಮ ಹುಡುಗರಿದ್ದಾರೆ" ಎಂದು ಆರೇಳು ಜನರನ್ನು ಹಂಚಿ, ತಲೆಗಿಷ್ಟು ಕಮಿಷನ್ ತೆಗೆದುಕೊಳ್ಳುವುದು. ಇದು ಕಾಯ್ದೆಯ 4ನೇ ಕಲಂ ನಿಷೇಧಿಸಿರುವ ವ್ಯಾಪಾರ. ಶಿಕ್ಷೆ ಒಂದು ವರ್ಷದವರೆಗೆ ಜೈಲು, ಅಥವಾ 25,000 ರೂಪಾಯಿವರೆಗೆ ದಂಡ, ಅಥವಾ ಎರಡೂ. ಶಿಕ್ಷೆ ಆಗುವುದು ಅವರಿಗೆ, ನಿಜ. ಆದರೆ ಗೋದಾಮಿನಲ್ಲಿ ಕಳವಾದ ದಿನ ಉತ್ತರ ಕೊಡಬೇಕಾದ ಸಂಸ್ಥೆಯೇ ಇಲ್ಲದೆ ಕೈಕೈ ಹಿಸುಕಿಕೊಳ್ಳುವವರು ನೀವು.

ಎರಡನೇ ಹೆಜ್ಜೆ: ಲೈಸೆನ್ಸ್ ಇದೆಯೇ ಎಂದಲ್ಲ, ಅದರಲ್ಲಿ ಏನು ಬರೆದಿದೆ ಎಂದು ನೋಡಿ

"ಲೈಸೆನ್ಸ್ ಇದೆ ಸಾರ್" ಎಂಬ ಮಾತಿಗೆ ತೃಪ್ತರಾಗಬೇಡಿ. ಪ್ರತಿ ತರಿಸಿಕೊಂಡು ಮೊದಲು ಜಿಲ್ಲೆಯ ಹೆಸರು ಹುಡುಕಿ. ಪಸಾರಾ ಲೈಸೆನ್ಸ್ ಮೂರು ಬಗೆಯಲ್ಲಿ ಸಿಗುತ್ತದೆ. ಒಂದು ಜಿಲ್ಲೆಗೆ ಮಾತ್ರ ಆದರೆ ಶುಲ್ಕ 5,000 ರೂಪಾಯಿ, ಐದು ಜಿಲ್ಲೆಗಳವರೆಗೆ 10,000, ಇಡೀ ರಾಜ್ಯಕ್ಕೆ 25,000. ಬೆಂಗಳೂರು ನಗರಕ್ಕೆಂದು ಪಡೆದ ಒಂದು ಜಿಲ್ಲೆಯ ಲೈಸೆನ್ಸ್ ಹಿಡಿದು ಬೇಲೂರಿನಲ್ಲಿ ಗಾರ್ಡ್ ನಿಲ್ಲಿಸುವಂತಿಲ್ಲ. ಬೇರೆ ರಾಜ್ಯದ ಲೈಸೆನ್ಸ್ ಅಂತೂ ಇಲ್ಲಿ ನಡೆಯುವುದೇ ಇಲ್ಲ. ಹಾಸನ, ಚಿಕ್ಕಮಗಳೂರು ಅಕ್ಕಪಕ್ಕದ ಜಿಲ್ಲೆಗಳಾದ್ದರಿಂದ ಒಂದರ ಲೈಸೆನ್ಸ್‌ನಲ್ಲಿ ಇನ್ನೊಂದರಲ್ಲಿ ಕೆಲಸ ಮಾಡುವ ಸಾಧ್ಯತೆ ಹೆಚ್ಚು. ಬೇಲೂರು ದಾಟಿದರೆ ಚಿಕ್ಕಮಗಳೂರು ಜಿಲ್ಲೆ ಶುರು, ಸಕಲೇಶಪುರ ದಾಟಿದರೆ ಮೂಡಿಗೆರೆ ತಾಲ್ಲೂಕು. ನಿಮ್ಮ ತೋಟದ ಪಹಣಿ ಯಾವ ಜಿಲ್ಲೆಯಲ್ಲಿದೆಯೋ ಆ ಜಿಲ್ಲೆಯ ಹೆಸರು ಲೈಸೆನ್ಸ್‌ನಲ್ಲಿ ಇರಬೇಕು.

ಆಮೇಲೆ ದಿನಾಂಕ. ಲೈಸೆನ್ಸ್ ಅವಧಿ ಐದು ವರ್ಷ. ನವೀಕರಣಕ್ಕೆ ಅವಧಿ ಮುಗಿಯುವ ಕನಿಷ್ಠ 45 ದಿನ ಮೊದಲು ಅರ್ಜಿ ಹಾಕಬೇಕು. ನಿಮ್ಮ ಒಪ್ಪಂದದ ಮಧ್ಯದಲ್ಲೇ ಲೈಸೆನ್ಸ್ ಮುಗಿಯುವುದಾದರೆ, ನವೀಕರಣದ ಅರ್ಜಿಯ ಸ್ವೀಕೃತಿಯನ್ನು ತೋರಿಸಬೇಕೆಂದು ಈಗಲೇ ಬರೆಸಿಕೊಳ್ಳಿ. ಲೈಸೆನ್ಸ್‌ನಲ್ಲಿರುವ ಹೆಸರು, ಬಿಲ್ಲಿನ ಹೆಸರು, ಬ್ಯಾಂಕ್ ಖಾತೆಯ ಹೆಸರು ಮೂರೂ ಒಂದೇ ಆಗಿರಲಿ. ಒಬ್ಬರ ಲೈಸೆನ್ಸ್‌ನಲ್ಲಿ ಮತ್ತೊಬ್ಬರು ವ್ಯವಹಾರ ನಡೆಸುತ್ತಿದ್ದರೆ ಸಾಮಾನ್ಯವಾಗಿ ಇಲ್ಲೇ ಸಿಕ್ಕಿಬೀಳುತ್ತದೆ.

ಲೈಸೆನ್ಸ್ ಕೊಡುವವರು ರಾಜ್ಯದ ನಿಯಂತ್ರಣ ಪ್ರಾಧಿಕಾರ. ಕೇಂದ್ರ ಗೃಹ ಸಚಿವಾಲಯದ ಪಸಾರಾ ಪೋರ್ಟಲ್ ಮೂಲಕ ಅರ್ಜಿ ಹೋಗುತ್ತದೆ, ಪೊಲೀಸರ ನಿರಾಕ್ಷೇಪಣೆ ಬೇಕಾಗುತ್ತದೆ. ಎರಡು ವರ್ಷ ಅಥವಾ ಅದಕ್ಕಿಂತ ಹೆಚ್ಚಿನ ಜೈಲುಶಿಕ್ಷೆ ವಿಧಿಸಬಹುದಾದ ಅಪರಾಧದಲ್ಲಿ ಶಿಕ್ಷೆಯಾದವರಿಗೆ, ದುರ್ನಡತೆಯ ಮೇಲೆ ಸರ್ಕಾರಿ ಕೆಲಸದಿಂದ ವಜಾ ಆದವರಿಗೆ ಲೈಸೆನ್ಸ್ ಸಿಗುವಂತಿಲ್ಲ. ಏಜೆನ್ಸಿಯ ಕಚೇರಿಯಲ್ಲಿ ಎದ್ದು ಕಾಣುವ ಜಾಗದಲ್ಲಿ ಅದನ್ನು ತೂಗುಹಾಕಿರಬೇಕೆಂದೂ ಕಾಯ್ದೆ ಹೇಳುತ್ತದೆ. ಆದ್ದರಿಂದ ಒಮ್ಮೆ ಅವರ ಕಚೇರಿಗೆ ಹೋಗಿ ಬನ್ನಿ. ಮೊಬೈಲ್ ನಂಬರ್ ಮಾತ್ರ ಇದ್ದು ಕಚೇರಿಯೇ ಇಲ್ಲದವರ ಜೊತೆ ವ್ಯವಹಾರ ಬೇಡ.

ಮೂರನೇ ಹೆಜ್ಜೆ: ಬರುವ ಮನುಷ್ಯನ ಕಾಗದ

ಗಾರ್ಡ್ ಆಗುವವರಿಗೆ 18 ವರ್ಷ ತುಂಬಿರಬೇಕು, 65 ತುಂಬಿರಬಾರದು. ಭಾರತದ ಪ್ರಜೆಯಾಗಿರಬೇಕು, ಅಥವಾ ಕೇಂದ್ರ ಸರ್ಕಾರ ಗೆಜೆಟ್‌ನಲ್ಲಿ ಹೆಸರಿಸಿದ ದೇಶದ ಪ್ರಜೆಯಾಗಿರಬೇಕು. ನ್ಯಾಯಾಲಯದಲ್ಲಿ ಶಿಕ್ಷೆಯಾದವರನ್ನು, ಸೇನೆ ಅಥವಾ ಪೊಲೀಸ್‌ನಿಂದ ದುರ್ನಡತೆಗಾಗಿ ತೆಗೆದುಹಾಕಲ್ಪಟ್ಟವರನ್ನು ನೇಮಿಸುವಂತಿಲ್ಲ. ಅವರ ಗುಣನಡತೆ ಮತ್ತು ಪೂರ್ವಾಪರ ತನಗೆ ಖಚಿತವಾಗಿದೆ ಎಂದು ಏಜೆನ್ಸಿ ನೋಡಿಕೊಳ್ಳಬೇಕು. ಇಲ್ಲಿ ನೀವು ಕೇಳಬೇಕಾದದ್ದು ಆಧಾರ್ ಜೆರಾಕ್ಸ್ ಅಲ್ಲ. ಆಧಾರ್ ಗುರುತು ಹೇಳುತ್ತದೆ, ನಡತೆ ಹೇಳುವುದಿಲ್ಲ. ಪೊಲೀಸ್ ಪರಿಶೀಲನೆಯ ವರದಿ ಕೇಳಿ.

ನಮ್ಮ ಎರಡೂ ಜಿಲ್ಲೆಗಳಲ್ಲಿ ಈಗ ಅಸ್ಸಾಂ, ಜಾರ್ಖಂಡ್, ಬಿಹಾರ ಕಡೆಯ ಹುಡುಗರು ಗಾರ್ಡ್ ಕೆಲಸದಲ್ಲಿ ಬಹಳ ಇದ್ದಾರೆ. ಅವರ ವಿಚಾರದಲ್ಲಿ ಪರಿಶೀಲನೆ ಅವರ ಊರಿನ ಠಾಣೆಯವರೆಗೂ ಹೋಗಬೇಕು, ಸಮಯ ಹಿಡಿಯುತ್ತದೆ. ಅರ್ಜಿ ಹಾಕಿದ ಸ್ವೀಕೃತಿ ಕೊಟ್ಟು "ಬರುತ್ತೆ" ಎಂದರೆ ಒಂದು ಗಡುವು ಹಾಕಿ ಒಪ್ಪಿಕೊಳ್ಳಬಹುದು. ಅಲ್ಲಿಯವರೆಗೆ ಬೀಗದ ಕೈ, ಗೋದಾಮಿನ ಪಾಳಿ ಬೇಡ. ಹೊರಗಿನವರೆಂಬ ಒಂದೇ ಕಾರಣಕ್ಕೆ ಅನುಮಾನದಿಂದ ನೋಡುವುದು ಮಾತ್ರ ಅನ್ಯಾಯ. ಪರಿಶೀಲನೆ ಇಲ್ಲಿಯವರಿಗೂ ಅಷ್ಟೇ ಕಡ್ಡಾಯ. "ನಮ್ಮೂರ ಹುಡುಗ, ಗೊತ್ತಿರೋನೇ" ಎಂದು ಬಿಟ್ಟುಬಿಡುವುದೇ ಹೆಚ್ಚಿನ ಕಡೆ ನಡೆಯುತ್ತಿರುವ ತಪ್ಪು.

ತರಬೇತಿಯ ವಿಷಯಕ್ಕೆ ಬಂದರೆ, ಕೇಂದ್ರದ ಮಾದರಿ ನಿಯಮಗಳು ಹೇಳುವುದು ಕನಿಷ್ಠ 100 ಗಂಟೆ ತರಗತಿ, 60 ಗಂಟೆ ಮೈದಾನದ ಅಭ್ಯಾಸ, ಕನಿಷ್ಠ 20 ಕೆಲಸದ ದಿನಗಳಲ್ಲಿ. ಮಾಜಿ ಸೈನಿಕರಿಗೆ, ನಿವೃತ್ತ ಪೊಲೀಸರಿಗೆ ಅದು 40 ಗಂಟೆ ತರಗತಿ, 16 ಗಂಟೆ ಅಭ್ಯಾಸಕ್ಕೆ ಇಳಿಯುತ್ತದೆ, ಕನಿಷ್ಠ ಏಳು ದಿನ. ಬೆಂಕಿ ನಂದಿಸುವುದು, ಪ್ರಥಮ ಚಿಕಿತ್ಸೆ, ಜನಸಂದಣಿ ನಿಭಾಯಿಸುವುದು, ಗುರುತಿನ ಪತ್ರ ಓದುವುದು, ಅನುಮಾನಾಸ್ಪದ ವಸ್ತು ಗುರುತಿಸುವುದು, ಠಾಣೆಗೆ ದೂರು ಕೊಡುವ ಕ್ರಮ, ಇವೆಲ್ಲ ಪಠ್ಯದಲ್ಲಿವೆ. ದೇಹದಾರ್ಢ್ಯಕ್ಕೂ ಅಳತೆ ಇದೆ: ಗಂಡಸರಿಗೆ 160 ಸೆಂ.ಮೀ., ಹೆಂಗಸರಿಗೆ 150 ಸೆಂ.ಮೀ. ಎತ್ತರ, ಒಂದು ಕಿಲೋಮೀಟರನ್ನು ಆರು ನಿಮಿಷದಲ್ಲಿ ಓಡುವ ಶಕ್ತಿ, ಬಣ್ಣಗುರುಡು ಇಲ್ಲದ ಕಣ್ಣು. ವರ್ಷಕ್ಕೊಮ್ಮೆ ಆರೋಗ್ಯ ತಪಾಸಣೆ ಮಾಡಿಸುವ ಹೊಣೆ ಏಜೆನ್ಸಿಯದು.

ತರಬೇತಿಯ ಪ್ರಮಾಣಪತ್ರ ತೋರಿಸುವವರು ಬಹಳ ಮಂದಿ. ಅದನ್ನು ನೋಡಿದ ಮೇಲೆ ಗಾರ್ಡ್‌ನನ್ನು ಗೋಡೆಗೆ ತೂಗುಹಾಕಿದ ಬೆಂಕಿ ಆರಿಸುವ ಸಿಲಿಂಡರ್ ಹತ್ತಿರ ಕರೆದುಕೊಂಡು ಹೋಗಿ, "ಇದನ್ನ ಹೇಗೆ ಬಳಸ್ತೀಯಪ್ಪ, ಒಂದ್ಸಲ ತೋರಿಸು" ಎನ್ನಿ. ಪಿನ್ ಎಳೆಯುವುದು ಗೊತ್ತಿಲ್ಲದವರಿಗೆ ಆ 160 ಗಂಟೆ ಆಗಿಲ್ಲ. ತಪ್ಪು ಅವರದಲ್ಲ, ಕಳಿಸಿದವರದು. ತರಬೇತಿ ಮುಗಿಸಿ ಕಳಿಸಿ ಎಂದು ಏಜೆನ್ಸಿಗೆ ಬರೆಯಿರಿ. ಗಾರ್ಡ್‌ನನ್ನು ಎಲ್ಲರ ಮುಂದೆ ನಾಚಿಸಬೇಡಿ.

ಮಾಜಿ ಸೈನಿಕರು, ನಿವೃತ್ತ ಪೊಲೀಸರು, ಗೃಹರಕ್ಷಕರಿಗೆ ನೇಮಕದಲ್ಲಿ ಆದ್ಯತೆ ಕೊಡಬೇಕೆಂದೂ ಕಾಯ್ದೆಯಲ್ಲಿದೆ. ಶಾಲೆ, ಆಸ್ಪತ್ರೆಯಂಥ ಕಡೆ ಒಬ್ಬರಾದರೂ ಅಂಥವರು ಬೇಕೆಂದು ಕೇಳುವುದು ಒಳ್ಳೆಯದು.

ಗೇಟಿನಲ್ಲೇ ಐದು ನಿಮಿಷದ ಪರೀಕ್ಷೆ

ಗಾರ್ಡ್ ಬಂದ ಮೊದಲ ದಿನ ಕುತ್ತಿಗೆಯಲ್ಲಿ ಫೋಟೋ ಇರುವ ಗುರುತಿನ ಚೀಟಿ ನೇತಾಡುತ್ತಿರಬೇಕು. ಅದನ್ನು ಏಜೆನ್ಸಿ ಕೊಡಬೇಕು, ಕೇಳಿದರೆ ಗಾರ್ಡ್ ತೋರಿಸಬೇಕು, ಕೆಲಸ ಬಿಟ್ಟ ದಿನ ವಾಪಸ್ ಕೊಡಬೇಕು. ತೋಳಿನ ಮೇಲೆ ಏಜೆನ್ಸಿಯ ಬ್ಯಾಡ್ಜ್, ಎದೆ ಅಥವಾ ಭುಜದ ಮೇಲೆ ಹುದ್ದೆಯ ಬ್ಯಾಡ್ಜ್, ದಾರಕ್ಕೆ ಕಟ್ಟಿದ ಪೀಪಿ, ಲೇಸು ಕಟ್ಟುವ ಶೂ, ಟೋಪಿ, ಇಷ್ಟು ಸಮವಸ್ತ್ರ. ಜೇಬಿನಲ್ಲಿ ಒಂದು ನೋಟ್‌ಬುಕ್, ಪೆನ್ನು ಇರಬೇಕೆಂದೂ ಮಾದರಿ ನಿಯಮದಲ್ಲಿ ಇದೆ. ಗಾಡಿ ನಂಬರ್, ಬಂದವರ ಹೆಸರು, ಹೊತ್ತು ಬರೆದಿಡುವ ಆ ನೋಟ್‌ಬುಕ್ಕೇ ಮುಂದೆ ದೂರು ಕೊಡುವಾಗ ಕೈಹಿಡಿಯುತ್ತದೆ.

ಖಾಕಿ ಪೊಲೀಸ್ ಅಂಗಿ, ಸೇನೆಯ ಚಿತ್ತಾರದ ಬಟ್ಟೆ ತೊಡಿಸುವಂತಿಲ್ಲ. ಸೇನೆ ಅಥವಾ ಪೊಲೀಸರ ಸಮವಸ್ತ್ರ, ಅಥವಾ ಅದರಂತೆಯೇ ಕಾಣುವ ಬಟ್ಟೆ ತೊಟ್ಟರೆ ಗಾರ್ಡ್‌ಗೂ ಏಜೆನ್ಸಿ ಮಾಲೀಕರಿಗೂ ಒಂದು ವರ್ಷದವರೆಗೆ ಜೈಲು ಅಥವಾ 5,000 ರೂಪಾಯಿವರೆಗೆ ದಂಡ ಅಥವಾ ಎರಡೂ ಆಗಬಹುದು. ಹೋಂಸ್ಟೇ, ರೆಸಾರ್ಟ್‌ಗಳಲ್ಲಿ ಅಂದಕ್ಕೆಂದು ಕಮಾಂಡೋ ಡ್ರೆಸ್ ಕೇಳುವವರಿದ್ದಾರೆ. ಕೇಳಬೇಡಿ. ಸಿಕ್ಕಿಬಿದ್ದರೆ ಜೈಲಿಗೆ ಹೋಗುವವನು ಅದನ್ನು ತೊಟ್ಟ ಬಡವ.

ಗಾರ್ಡ್ ಪೊಲೀಸ್ ಅಲ್ಲ: ತೋಟದಲ್ಲಿ ಇದು ಮುಖ್ಯ

ಗಾರ್ಡ್‌ಗೆ ಸಾಮಾನ್ಯ ನಾಗರಿಕನಿಗಿಂತ ಹೆಚ್ಚಿನ ಅಧಿಕಾರ ಒಂದೂ ಇಲ್ಲ. ಕೊಯ್ಲಿನ ಕಾಲದಲ್ಲಿ ಕಾಫಿ, ಕಾಳುಮೆಣಸು ಕಳುವಾದಾಗ ಜನ ಮರೆಯುವುದು ಇದನ್ನೇ.

ಕಣ್ಣೆದುರೇ ಜಾಮೀನುರಹಿತ, ಪೊಲೀಸರು ನೇರವಾಗಿ ಕ್ರಮ ಕೈಗೊಳ್ಳಬಹುದಾದ ಅಪರಾಧ ನಡೆದರೆ ಯಾವ ನಾಗರಿಕನೂ ಹಿಡಿಯಬಹುದು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 40ನೇ ಕಲಂ ಇದನ್ನು ಹೇಳುತ್ತದೆ, ಜೊತೆಗೊಂದು ಗಡುವನ್ನೂ ಹಾಕಿದೆ: ಹಿಡಿದವರನ್ನು ತಡಮಾಡದೆ, ಹೆಚ್ಚೆಂದರೆ ಆರು ಗಂಟೆಯೊಳಗೆ ಪೊಲೀಸರಿಗೆ ಒಪ್ಪಿಸಬೇಕು. 'ಬೆಳಿಗ್ಗೆ ಯಜಮಾನ್ರು ಬರಲಿ' ಎಂದು ರಾತ್ರಿಯಿಡೀ ಪಲ್ಪರ್ ಮನೆಯಲ್ಲಿ (ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಯಂತ್ರದ ಮನೆ) ಕೂಡಿಹಾಕಿದರೆ ಅದು ಅಕ್ರಮ ಬಂಧನ. ಆಗ ಆರೋಪಿ ಸ್ಥಾನದಲ್ಲಿ ನಿಲ್ಲುವವರು ಗಾರ್ಡ್, ಅವರಿಗೆ ಹಾಗೆ ಹೇಳಿದವರು. 5,000 ರೂಪಾಯಿಗಿಂತ ಕಡಿಮೆ ಬೆಲೆಯ ವಸ್ತುವಿನ ಮೊದಲ ಕಳ್ಳತನವನ್ನು ಹೊಸ ನ್ಯಾಯ ಸಂಹಿತೆ ವಸ್ತು ಹಿಂದಿರುಗಿಸಿದರೆ ಸಮುದಾಯ ಸೇವೆಯ ಶಿಕ್ಷೆಗೆ ಇಳಿಸಿರುವುದನ್ನೂ ನೆನಪಿಡಿ. ಸೆರಗಿನಲ್ಲಿ ಒಂದು ಹಿಡಿ ಮೆಣಸು ಸಿಕ್ಕಿತೆಂದು ಹಿಡಿದು ಕೂರಿಸುವ ಅಧಿಕಾರ ಗಾರ್ಡ್‌ಗೆ ಇದೆಯೆಂದು ಭಾವಿಸಬೇಡಿ.

ಸಂಜೆ ಕೆಲಸ ಬಿಡುವಾಗ ಆಳುಗಳ ಚೀಲ ನೋಡುವ ಪದ್ಧತಿ ಕೆಲವು ಕಡೆ ಇದೆ. ಮೊದಲೇ ಎಲ್ಲರಿಗೂ ತಿಳಿಸಿ, ಒಪ್ಪಿಗೆ ಪಡೆದು, ರೈಟರು, ಮೇಸ್ತ್ರಿಯ ಚೀಲವೂ ಸೇರಿದಂತೆ ಎಲ್ಲರದನ್ನೂ ಒಂದೇ ರೀತಿ ನೋಡುವುದಾದರೆ ಅದು ತೋಟದ ಶಿಸ್ತು. ಮೈಮುಟ್ಟಿ ತಡಕಾಡುವಂತಿಲ್ಲ. ಪೊಲೀಸರೇ ಮಹಿಳೆಯನ್ನು ಶೋಧಿಸಬೇಕಾದರೂ ಮಹಿಳೆಯೇ, ಮರ್ಯಾದೆಗೆ ಕುಂದಾಗದಂತೆ ಮಾಡಬೇಕೆಂದು ಕಾನೂನಿದೆ. ಗಾರ್ಡ್ ಒಬ್ಬ ಗಂಡಸು ಹೆಣ್ಣಾಳಿನ ಸೆರಗು ಬಿಡಿಸಿ ನೋಡಿದರೆ ಅದು ಗಂಭೀರ ಅಪರಾಧ. ಒಪ್ಪಂದದಲ್ಲೇ ಇದನ್ನು ಒಂದು ಸಾಲಾಗಿ ಬರೆಸಿ, ಗಾರ್ಡ್‌ಗೆ ಅವರ ಭಾಷೆಯಲ್ಲಿ ಓದಿ ಹೇಳಿಸಿ.

ಕೋವಿಯ ವಿಚಾರ. ಪಸಾರಾ ಲೈಸೆನ್ಸ್ ಇದ್ದರೆ ಕೋವಿ ಹಿಡಿಯಲು ಅನುಮತಿ ಇದ್ದಂತಲ್ಲ. ಅದಕ್ಕೆ 1959ರ ಶಸ್ತ್ರಾಸ್ತ್ರ ಕಾಯ್ದೆಯಡಿ ಪ್ರತ್ಯೇಕ ಪರವಾನಗಿ ಬೇಕು, ನಮ್ಮ ಜಿಲ್ಲೆಗಳಲ್ಲಿ ಅದನ್ನು ಕೊಡುವವರು ಜಿಲ್ಲಾಧಿಕಾರಿಗಳು. ಕೊಡಗಿನಲ್ಲಿ ಕೊಡವರಿಗೂ ಜಮ್ಮಾ (ವಂಶಪಾರಂಪರ್ಯ ಜಮೀನು) ಹಿಡುವಳಿದಾರರಿಗೂ ಇರುವ ವಿನಾಯಿತಿ ಹಾಸನ, ಚಿಕ್ಕಮಗಳೂರಿಗೆ ಇಲ್ಲ. ಬೆಳೆ ರಕ್ಷಣೆಗೆಂದು ಮಾಲೀಕರ ಹೆಸರಿನಲ್ಲಿರುವ ಕೋವಿಯನ್ನು ರಾತ್ರಿ ಕಾವಲಿನವನ ಕೈಗೆ ಕೊಟ್ಟು ಕಳಿಸುವ ಅಭ್ಯಾಸ ಇದ್ದರೆ ಇವತ್ತೇ ನಿಲ್ಲಿಸಿ. ಪರವಾನಗಿಯಲ್ಲಿ ಆ ವ್ಯಕ್ತಿಯ ಹೆಸರು ಸೇರಿಲ್ಲದಿದ್ದರೆ ಇಬ್ಬರಿಗೂ ಕೇಸು.

ಸಂಬಳದ ಲೆಕ್ಕ: ಇಲ್ಲಿ ಕೂತು ಪೆನ್ನು ಹಿಡಿಯಿರಿ

ವಾರಕ್ಕೆ 168 ಗಂಟೆ. ಒಬ್ಬ ಕೆಲಸಗಾರ ಓವರ್‌ಟೈಂ ಇಲ್ಲದೆ ದುಡಿಯಬಹುದಾದದ್ದು 48 ಗಂಟೆ. 168ನ್ನು 48ರಿಂದ ಭಾಗಿಸಿದರೆ ಮೂರೂವರೆ. ಅಂದರೆ ಒಂದೇ ಒಂದು ಗೇಟನ್ನು ಹಗಲೂ ರಾತ್ರಿ ಕಾಯಲು ಮೂರೂವರೆ ಜನ ಬೇಕು. ಆ ಅರ್ಧ, ವಾರದ ರಜೆಯ ದಿನ ಬರುವ ರಿಲೀವರ್.

ಈಗ ನಿಮ್ಮ ಗೇಟಿಗೆ ಎಷ್ಟು ಜನ ಇದ್ದಾರೆ ನೋಡಿ. ಹಗಲಿಗೊಬ್ಬ, ರಾತ್ರಿಗೊಬ್ಬ ಎಂದರೆ ಒಬ್ಬೊಬ್ಬರೂ ವಾರಕ್ಕೆ 84 ಗಂಟೆ ದುಡಿಯುತ್ತಿದ್ದಾರೆ. ಅದರಲ್ಲಿ 36 ಗಂಟೆ ಓವರ್‌ಟೈಂ, ಅದಕ್ಕೆ ಎರಡು ಪಟ್ಟು ಕೂಲಿ ಸಲ್ಲಬೇಕು. ಬಹುತೇಕ ಕಡೆ 12 ಗಂಟೆಯ ಡ್ಯೂಟಿಯೇ 'ಒಂದು ಡ್ಯೂಟಿ' ಎಂದಾಗಿ, ಆ ಎರಡು ಪಟ್ಟಿನ ಸುದ್ದಿಯೇ ಇರುವುದಿಲ್ಲ. ಮೇಲಾಗಿ ಒಬ್ಬ ಊರಿಗೆ ಹೋದರೆ ಇನ್ನೊಬ್ಬನಿಗೆ 'ಡಬಲ್ ಡ್ಯೂಟಿ', ಅಂದರೆ 24 ಗಂಟೆ. ಬೆಳಗಿನ ಜಾವ ಮೂರಕ್ಕೆ ಗಾರ್ಡ್ ಕುರ್ಚಿಯಲ್ಲಿ ಒರಗಿ ನಿದ್ದೆ ಮಾಡುತ್ತಿದ್ದುದನ್ನು ಫೋಟೋ ತೆಗೆದು ಸಂಘದ ವಾಟ್ಸಾಪ್ ಗುಂಪಿಗೆ ಹಾಕುವವರು, ಅವನು ಎಷ್ಟು ಗಂಟೆಯಿಂದ ಅಲ್ಲಿದ್ದಾನೆ ಎಂದು ಮೊದಲು ಕೇಳಬೇಕು.

ಇನ್ನು ದುಡ್ಡು. ಕನಿಷ್ಠ ವೇತನದ ದರವನ್ನು ರಾಜ್ಯದ ಕಾರ್ಮಿಕ ಇಲಾಖೆ ಪ್ರಕಟಿಸುತ್ತದೆ. ತುಟ್ಟಿಭತ್ಯೆ ಸೇರಿ ಅದು ಏಪ್ರಿಲ್ 1ರಿಂದ ಪರಿಷ್ಕೃತವಾಗುತ್ತದೆ. ಆ ವರ್ಷದ ದರಪಟ್ಟಿಯನ್ನು ಕಾರ್ಮಿಕ ಅಧಿಕಾರಿಗಳ ಕಚೇರಿಯಿಂದ ಪಡೆದುಕೊಳ್ಳಿ. ಲೆಕ್ಕದ ಕ್ರಮ ತೋರಿಸಲು ಸುಮ್ಮನೆ 15,000 ರೂಪಾಯಿ ಎಂದಿಟ್ಟುಕೊಳ್ಳೋಣ. ಇದು ಲೆಕ್ಕಕ್ಕೆ ಹಿಡಿದ ಅಂಕಿ, ದರವಲ್ಲ. ಮಾಲೀಕರ ಪಾಲಿನ ಪಿಎಫ್ (ಭವಿಷ್ಯ ನಿಧಿ), ಅದರ ವಿಮೆ ಮತ್ತು ಆಡಳಿತ ವೆಚ್ಚ ಸೇರಿ ಶೇ. 13, ಅಂದರೆ 1,950. ಇಎಸ್‌ಐ (ಕಾರ್ಮಿಕರ ಆರೋಗ್ಯ ವಿಮೆ) ಶೇ. 3.25, ಅಂದರೆ 488. ಬೋನಸ್ ಕನಿಷ್ಠ ಶೇ. 8.33, ಅಂದರೆ 1,250. ಒಟ್ಟು 18,688. ಆರು ದಿನಕ್ಕೊಬ್ಬ ರಿಲೀವರ್ ಬರಬೇಕಾದ್ದರಿಂದ ಇದರ ಆರರಲ್ಲೊಂದು ಭಾಗ, 3,115 ಸೇರಿಸಿ. 21,803 ಆಯಿತು. ಇದು ಒಂದೇ ಒಂದು ಎಂಟು ಗಂಟೆ ಪಾಳಿಯ ಖರ್ಚು. ಸಮವಸ್ತ್ರ, ಏಜೆನ್ಸಿಯ ಸೇವಾ ಶುಲ್ಕ, ಶೇ. 18 ಜಿಎಸ್‌ಟಿ ಇನ್ನೂ ಬಂದಿಲ್ಲ.

ಹೀಗಿರುವಾಗ ಯಾರಾದರೂ 12 ಗಂಟೆ ಡ್ಯೂಟಿಗೆ "ಎಲ್ಲಾ ಸೇರಿ ಹದಿನಾರು ಸಾವಿರ" ಎಂದರೆ ಆ ಕಡಿತ ಎಲ್ಲಿಂದ ಬಂತು? ಏಜೆನ್ಸಿಯವರು ತಮ್ಮ ಜೇಬಿನಿಂದ ಕೊಡುವುದಿಲ್ಲ. ಪಿಎಫ್ ಕಟ್ಟಿರುವುದಿಲ್ಲ, ಅಥವಾ ಗಾರ್ಡ್ ಕೈಗೆ ಒಂಬತ್ತೋ ಹತ್ತೋ ಸಾವಿರ ಸಿಗುತ್ತಿರುತ್ತದೆ. ಅತಿ ಕಡಿಮೆ ರೇಟು ಕೊಟ್ಟವರನ್ನು ಆರಿಸುವ ಸಂಘ, ಅಷ್ಟರಲ್ಲೇ ಸಂಸಾರ ತೂಗಿಸುವ ಮನುಷ್ಯನಿಂದ ಹತ್ತು ಕ್ವಿಂಟಾಲ್ ಪಾರ್ಚ್‌ಮೆಂಟ್ (ಹಣ್ಣಿನ ಸಿಪ್ಪೆ ತೆಗೆದು ಒಣಗಿಸಿದ ಕಾಫಿ) ಕಾಯುವ ಎಚ್ಚರವನ್ನು ಹೇಗೆ ಕೇಳುತ್ತದೆ?

ಆದ್ದರಿಂದ ಕೊಟೇಶನ್ ಕೇಳುವಾಗ ಒಟ್ಟು ಮೊತ್ತ ಬೇಡ, ಮೇಲಿನಂತೆ ಬಿಡಿಬಿಡಿಯಾಗಿ ಬರೆದುಕೊಡಿ ಎನ್ನಿ. ಪ್ರತಿ ತಿಂಗಳ ಬಿಲ್ಲಿನ ಜೊತೆ ಮೂರು ಕಾಗದ ಲಗತ್ತಿಸಿರಬೇಕು: ಹಿಂದಿನ ತಿಂಗಳ ಸಂಬಳ ಬ್ಯಾಂಕಿಗೆ ಹೋದ ಪಟ್ಟಿ, ಪಿಎಫ್ ಚಲನ್ ಮತ್ತು ಅದರಲ್ಲಿ ನಿಮ್ಮ ಗೇಟಿನ ಗಾರ್ಡ್‌ಗಳ ಹೆಸರಿರುವ ಪುಟ, ಇಎಸ್‌ಐ ಅನ್ವಯವಾಗುವ ಕಡೆ ಅದರ ಚಲನ್. ಚಲನ್ ಮೊತ್ತ ಮಾತ್ರ ತೋರಿಸಿದರೆ ಸಾಲದು, ಹೆಸರು ಇರಬೇಕು. ಗಾರ್ಡ್‌ಗೆ ತನ್ನ ಯುಎಎನ್ ನಂಬರ್ (ಕೆಲಸ ಬದಲಾದರೂ ಬದಲಾಗದ ಪಿಎಫ್ ನಂಬರ್) ಗೊತ್ತಿದೆಯೇ ಕೇಳಿ. ಗೊತ್ತಿದ್ದರೆ ಸರ್ಕಾರದ ಉಮಂಗ್ ಆ್ಯಪ್‌ನಲ್ಲಿ ಪಿಎಫ್ ಪಾಸ್‌ಬುಕ್ ತೆಗೆದು ನೋಡಲು ನಿಮ್ಮ ಮನೆಯ ಕಾಲೇಜು ಹುಡುಗರು ಹತ್ತು ನಿಮಿಷದಲ್ಲಿ ಕಲಿಸಿಕೊಡುತ್ತಾರೆ. ಗಾರ್ಡ್‌ಗಳಿಗೆ ನಾವು ಮಾಡಬಹುದಾದ ದೊಡ್ಡ ಉಪಕಾರ ಇದು. ತನ್ನ ಖಾತೆಗೆ ದುಡ್ಡು ಬಿದ್ದಿದೆಯೋ ಇಲ್ಲವೋ ಅವನಿಗೇ ತಿಳಿಯುತ್ತದೆ.

2025ರ ನವೆಂಬರ್ 21ರಿಂದ ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದಿವೆ. ವೇತನ ಸಂಹಿತೆಯ ಪ್ರಕಾರ ತಿಂಗಳ ಸಂಬಳ ಮುಂದಿನ ತಿಂಗಳ 7ರೊಳಗೆ ಆಗಬೇಕು, ಸಂಬಳ ಚೀಟಿ ಕೊಡಬೇಕು. ಕೆಲಸ ಬಿಟ್ಟವರಿಗೆ ಎರಡು ಕೆಲಸದ ದಿನದೊಳಗೆ ಬಾಕಿ ತೀರಿಸಬೇಕು. ಏಜೆನ್ಸಿ ಕೊಡದೇ ಹೋದರೆ ಕೆಲಸ ನಡೆದ ಸಂಸ್ಥೆಯ ಮಾಲೀಕರ ಮೇಲೆ ಹೊಣೆ ಬರುವ ಅವಕಾಶವೂ ಅದರಲ್ಲಿದೆ. 'ನಾವು ಏಜೆನ್ಸಿಗೆ ಕೊಟ್ಟಾಗಿದೆ' ಎಂಬ ಮಾತು ಎಲ್ಲ ಕಡೆ ನಡೆಯುವುದಿಲ್ಲ.

ದಿನನಿತ್ಯದ ನಿಗಾ

ಏಜೆನ್ಸಿ ತನ್ನ ಗಾರ್ಡ್‌ಗಳ ಹೆಸರು, ವಿಳಾಸ, ಫೋಟೋ, ಸಂಬಳ, ಯಾರಿಗೆ ಗಾರ್ಡ್ ಒದಗಿಸಿದೆ ಎಂಬುದನ್ನೆಲ್ಲ ಒಂದು ರಿಜಿಸ್ಟರ್‌ನಲ್ಲಿ ಇಡಬೇಕೆಂದು 15ನೇ ಕಲಂ ಹೇಳುತ್ತದೆ. ನಿಯಂತ್ರಣ ಪ್ರಾಧಿಕಾರ ಅಥವಾ ಅದು ಅಧಿಕಾರ ಕೊಟ್ಟವರು ಸೂಕ್ತ ಹೊತ್ತಿನಲ್ಲಿ ಬಂದು ಅದನ್ನು ತಪಾಸಣೆ ಮಾಡಬಹುದು. ನಿಮ್ಮ ಜಾಗಕ್ಕೆ ಸಂಬಂಧಿಸಿದ ಪುಟದ ಪ್ರತಿ ಪಡೆದಿಟ್ಟುಕೊಳ್ಳಿ. ಗಾರ್ಡ್ ಬದಲಾದ ದಿನವೇ ಹೊಸ ಪುಟ ಬರಬೇಕು. ಹೇಳದೆ ಕೇಳದೆ ಆಳು ಬದಲಾಯಿಸುವುದು ನಮ್ಮ ಕಡೆ ತೀರಾ ಸಾಮಾನ್ಯ.

ಹದಿನೈದು ಗಾರ್ಡ್‌ಗಳಿಗೆ ಒಬ್ಬ ಸೂಪರ್‌ವೈಸರ್ ಇರಬೇಕು, ಗಾರ್ಡ್‌ಗಳು ಬೇರೆಬೇರೆ ಕಡೆ ಹಂಚಿಹೋಗಿದ್ದರೆ ಆರಕ್ಕೊಬ್ಬ. ತೋಟಗಳಲ್ಲಿ ಗಾರ್ಡ್‌ಗಳು ಚದುರಿಯೇ ಇರುತ್ತಾರೆ. ಹಾಗಾಗಿ ಆರರ ಲೆಕ್ಕವೇ ನಿಮಗೆ ಅನ್ವಯ. ಸೂಪರ್‌ವೈಸರ್ ರಾತ್ರಿ ಹೊತ್ತು ವಾರಕ್ಕೆ ಎಷ್ಟು ಸಲ ಬರಬೇಕೆಂದು ಒಪ್ಪಂದದಲ್ಲಿ ಬರೆಸಿ, ಬಂದಾಗ ಗೇಟಿನ ಪುಸ್ತಕದಲ್ಲಿ ಸಹಿ ಹಾಕಿಸಿ.

ಸುತ್ತು ಹೊಡೆದ ದಾಖಲೆಗೆ ಪಟ್ಟಣದಲ್ಲಿ ಮೊಬೈಲ್‌ನಲ್ಲಿ ಕೋಡ್ ಸ್ಕ್ಯಾನ್ ಮಾಡುವ ವ್ಯವಸ್ಥೆ ಚೆನ್ನಾಗಿದೆ. ಮಳೆಗಾಲದಲ್ಲಿ ಕರೆಂಟೂ ನೆಟ್‌ವರ್ಕೂ ಇಲ್ಲದ ಕಳಸ, ಹೆತ್ತೂರು ಕಡೆ ಕಾಗದದ ಬೀಟ್ ಪುಸ್ತಕವೇ ಗಟ್ಟಿ. ಸಿಸಿಟಿವಿ ಇರುವವರು ಒಂದು ಕ್ಯಾಮೆರಾವನ್ನು ಗಾರ್ಡ್ ಕೂರುವ ಜಾಗದ ಕಡೆಯಲ್ಲ, ಗೋದಾಮಿನ ಬಾಗಿಲ ಕಡೆ ತಿರುಗಿಸಿ. ಜನ ಸೇರುವ ಸಂಸ್ಥೆಗಳು 30 ದಿನಗಳ ದೃಶ್ಯ ಉಳಿಸಿಡಬೇಕೆಂದು ರಾಜ್ಯದ 2017ರ ಸಾರ್ವಜನಿಕ ಸುರಕ್ಷತಾ ಕಾಯ್ದೆಯಲ್ಲಿದೆ. ಚಿಕ್ಕ ಜಾಗದವರೂ ಅಷ್ಟು ಇಟ್ಟುಕೊಳ್ಳುವುದು ಒಳ್ಳೆಯದು.

ಮಲೆನಾಡಿನ ತೋಟಗಳಿಗೆ ಒಂದು ಮಾತು ಒತ್ತಿ ಹೇಳಬೇಕು. ಸಕಲೇಶಪುರ, ಆಲೂರು, ಬೇಲೂರು, ಮೂಡಿಗೆರೆ ಭಾಗದಲ್ಲಿ ಕಾಡಾನೆ ಓಡಾಡುವ ತೋಟದಲ್ಲಿ ಕತ್ತಲಲ್ಲಿ ಒಬ್ಬನೇ ನಡೆದು ಸುತ್ತು ಹೊಡೆಯಬೇಕೆಂದು ಯಾವ ಗಾರ್ಡ್‌ಗೂ ಹೇಳಬೇಡಿ. ಬೀಟ್ ಪುಸ್ತಕ ತುಂಬಲು ಜೀವ ಹೋಗುವುದು ಬೇಡ. ಎರಡೂ ಜಿಲ್ಲೆಗಳಿಗೆ 2022ರಲ್ಲಿ ಆನೆ ಕಾರ್ಯಪಡೆ ರಚನೆಯಾಗಿದೆ. ಆನೆ ಎಲ್ಲಿದೆ ಎಂಬ ಅರಣ್ಯ ಇಲಾಖೆಯ ಸಂದೇಶ ಗಾರ್ಡ್‌ನ ಫೋನಿಗೂ ತಲುಪುವಂತೆ ಮಾಡಿ. ಆನೆ ಇದ್ದ ರಾತ್ರಿ ಕಣ ಮತ್ತು ಗೋದಾಮಿನ ಬಳಿ, ಬೆಳಕಿನಲ್ಲಿ, ಗಟ್ಟಿ ಕಟ್ಟಡದೊಳಗೇ ಕಾವಲು ಎಂದು ಒಪ್ಪಂದದಲ್ಲಿ ಬರೆಸಿ. ಒಳ್ಳೆಯ ಟಾರ್ಚು, ರೈನ್‌ಕೋಟು, ಗಂಬೂಟು, ಶೌಚಾಲಯ, ಕುಡಿಯುವ ನೀರು, ಇಷ್ಟನ್ನು ಯಾರು ಕೊಡಬೇಕೆಂಬ ಜಗಳವನ್ನು ಮೊದಲ ದಿನವೇ ಬಗೆಹರಿಸಿಕೊಳ್ಳಿ.

ತಪ್ಪು ನಡೆದಾಗ ಎಲ್ಲಿಗೆ ಹೋಗಬೇಕು

ಅಪರಾಧವಾದರೆ 112, ಆಮೇಲೆ ಠಾಣೆಯಲ್ಲಿ ಲಿಖಿತ ದೂರು. ಏಜೆನ್ಸಿಯವರು "ನಾವೇ ವಿಚಾರಿಸ್ತೀವಿ, ಠಾಣೆ ಬೇಡ" ಎಂದರೆ ಒಪ್ಪಬೇಡಿ.

ಲೈಸೆನ್ಸ್ ಇಲ್ಲದಿರುವುದು, ಬೇರೆ ಜಿಲ್ಲೆಯ ಲೈಸೆನ್ಸ್, ಪರಿಶೀಲನೆ ಇಲ್ಲದ ಗಾರ್ಡ್, ಪದೇಪದೇ ಕುಡಿದು ಬರುವುದು, ಗಾರ್ಡ್‌ಗಳೇ ಕಳವಿನಲ್ಲಿ ಭಾಗಿಯಾಗುವುದು, ಒಪ್ಪಂದದಂತೆ ಗಾರ್ಡ್ ಒದಗಿಸದಿರುವುದು, ಪೊಲೀಸರಂತೆ ನಟಿಸುವುದು, ಕೆಲಸದಲ್ಲಿ ತಿಳಿದ ಮಾಹಿತಿಯನ್ನು ದುರ್ಬಳಕೆ ಮಾಡುವುದು, ಇಂಥವಕ್ಕೆಲ್ಲ ಜಿಲ್ಲಾ ಪೊಲೀಸ್ ವರಿಷ್ಠಾಧಿಕಾರಿಗಳಿಗೂ ನಿಯಂತ್ರಣ ಪ್ರಾಧಿಕಾರಕ್ಕೂ ಬರೆಯಿರಿ. 13ನೇ ಕಲಂ ಪ್ರಕಾರ ಲೈಸೆನ್ಸ್ ಅಮಾನತು ಅಥವಾ ರದ್ದು ಮಾಡುವ ಅಧಿಕಾರ ಪ್ರಾಧಿಕಾರಕ್ಕಿದೆ. ಕಾರ್ಮಿಕ ಕಾನೂನು ಮುರಿಯುವುದೂ ಲೈಸೆನ್ಸ್ ಹೋಗಲು ಒಂದು ಕಾರಣ ಎಂಬುದು ಹಲವರಿಗೆ ತಿಳಿದಿಲ್ಲ. ಏಜೆನ್ಸಿಯ ವಾದ ಕೇಳಿಯೇ ಆದೇಶವಾಗುತ್ತದೆ, ಅವರು 60 ದಿನದೊಳಗೆ ಗೃಹ ಕಾರ್ಯದರ್ಶಿಗೆ ಮೇಲ್ಮನವಿಯನ್ನೂ ಹಾಕಬಹುದು. ಹಾಗಾಗಿ ದೂರಿನಲ್ಲಿ ದಿನಾಂಕ, ಹೊತ್ತು, ಗಾರ್ಡ್‌ನ ಗುರುತಿನ ಚೀಟಿ ಸಂಖ್ಯೆ, ಗೇಟ್ ಪುಸ್ತಕದ ಪುಟದ ಪ್ರತಿ ಇರಲಿ. ಸಿಟ್ಟಿನ ಮಾತು ಕಡಿಮೆ ಇರಲಿ.

ಸಂಬಳದ ತಕರಾರು ಕಾರ್ಮಿಕ ಇಲಾಖೆಗೆ. ಪಿಎಫ್ ತಕರಾರು ಪಿಎಫ್ ಕಚೇರಿಗೆ, ಚಿಕ್ಕಮಗಳೂರಿನಲ್ಲೇ ಅದರ ಕಚೇರಿ ಇದೆ. ಈ ದೂರನ್ನು ಗಾರ್ಡ್ ತಾನೇ ಕೊಟ್ಟರೆ ಮರುದಿನ ಕೆಲಸ ಹೋಗುವ ಭಯ ಅವನಿಗಿರುತ್ತದೆ. ಸೇವೆ ಪಡೆದ ಸಂಘವೋ ಮಾಲೀಕರೋ ತಮ್ಮ ಹೆಸರಿನಲ್ಲಿ ಪತ್ರ ಬರೆದರೆ ಅವನಿಗೆ ಬಲ ಬರುತ್ತದೆ.

ಏಜೆನ್ಸಿ ಬದಲಾಯಿಸುವಾಗ

ಒಂದು ತಿಂಗಳ ನೋಟಿಸ್ ಕೊಡಿ. ಹಳೆಯ ಮತ್ತು ಹೊಸ ಸೂಪರ್‌ವೈಸರ್ ಇಬ್ಬರನ್ನೂ ಕೂರಿಸಿಕೊಂಡು ಬೀಗದ ಕೈಗಳು, ಗೇಟ್ ಪುಸ್ತಕಗಳು, ಟಾರ್ಚು, ಸಿಸಿಟಿವಿ ಪಾಸ್‌ವರ್ಡ್ ಎಲ್ಲವನ್ನೂ ಪಟ್ಟಿ ಮಾಡಿ ಸಹಿ ಹಾಕಿಸಿ. ಪುಸ್ತಕಗಳು ನಿಮ್ಮ ಆಸ್ತಿ, ಏಜೆನ್ಸಿಯವರು ಒಯ್ಯುವಂತಿಲ್ಲ. ಪಾಸ್‌ವರ್ಡನ್ನು ಅದೇ ಸಂಜೆ ಬದಲಿಸಿ, ಗೋದಾಮಿನ ಬೀಗವನ್ನೂ ಬದಲಿಸಿ. ಹಳೆಯ ಗಾರ್ಡ್‌ಗಳು ಒಳ್ಳೆಯವರಾಗಿದ್ದು ಹೊಸ ಏಜೆನ್ಸಿ ಅವರನ್ನೇ ಮುಂದುವರಿಸುವುದಾದರೆ ಹೊಸ ಗುರುತಿನ ಚೀಟಿ, ಹೊಸ ರಿಜಿಸ್ಟರ್ ಪುಟ, ಅದೇ ಹಳೆಯ ಯುಎಎನ್ ನಂಬರ್. ಕೊನೆಯ ತಿಂಗಳ ಬಿಲ್ಲನ್ನು, ಆ ತಿಂಗಳ ಸಂಬಳದ ಪಟ್ಟಿ ಮತ್ತು ಪಿಎಫ್ ಚಲನ್‌ನಲ್ಲಿ ಗಾರ್ಡ್‌ಗಳ ಹೆಸರು ನೋಡಿದ ಮೇಲೆ ಮಾತ್ರ ಪಾವತಿಸಿ.